ರೊಟ್ಟಿಗೆ ಆಕಾರ ಕೊಟ್ಟ ಪಾತ್ರೆ

ಪವಿತ್ರ ಬೈಬಲಿನ ಯಾಜಕಕಾಂಡವನ್ನು ಮೊದಲಿಂದ ಕೊನೆಯವರೆಗೆ ತಾಳ್ಮೆಯಿಂದ ಓದಿದವರು ವಿರಳ. ಬಲಿಯರ್ಪಣೆಯ ವಿಧಿಗಳೂ ಶುದ್ಧಾಶುದ್ಧದ ಕಟ್ಟಳೆಗಳೂ ಎದುರಾದೊಡನೆ ನಮ್ಮ ಬೆರಳು ಪುಟಗಳನ್ನು ಬೇಗಬೇಗನೆ ಮಗುಚತೊಡಗುತ್ತದೆ. ಆದರೆ ಅದರ ಎರಡನೆಯ ಅಧ್ಯಾಯದಲ್ಲಿ ಅಡುಗೆಮನೆಯ ಅನುಭವವುಳ್ಳವರು ಒಂದು ಕ್ಷಣ ನಿಲ್ಲಲೇಬೇಕಾದ ನಾಲ್ಕು ವಚನಗಳಿವೆ. ನೈವೇದ್ಯವಾಗಿ ತರುವ ರೊಟ್ಟಿಯನ್ನು ಮೂರು ವಿಧವಾಗಿ ಮಾಡಬಹುದೆಂದು ಅಲ್ಲಿ ತಿಳಿಸಲಾಗಿದೆ: ಮಣ್ಣಿನ ಗೂಡೊಲೆಯೊಳಗೆ ಸುಟ್ಟದ್ದು, ಕಾವಲಿಯ ಮೇಲೆ ಬೇಯಿಸಿದ್ದು, ಬಾಣಲೆಯಲ್ಲಿ ಮಾಡಿದ್ದು (ಯಾಜಕಕಾಂಡ 2:4-7). ಹಿಟ್ಟು ಒಂದೇ, ಎಣ್ಣೆ ಒಂದೇ. ಬದಲಾಗುವುದು ಪಾತ್ರೆ ಮಾತ್ರ. ಹೀಬ್ರೂ ಮೂಲದಲ್ಲಿ ಈ ಮೂರಕ್ಕೂ ಪ್ರತ್ಯೇಕ ಹೆಸರುಗಳಿವೆ: ತನ್ನೂರ್, ಮಖವತ್, ಮರ್ಖೆಶೆತ್.

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದ್ಯರ ಮಿಷ್ನಾ ಗ್ರಂಥದಲ್ಲಿ ಕೊನೆಯ ಎರಡು ಪಾತ್ರೆಗಳ ವ್ಯತ್ಯಾಸವೇನು ಎಂಬ ಚರ್ಚೆ ಬರುತ್ತದೆ. ಒಬ್ಬ ಧರ್ಮಗುರುವಿನ ಪ್ರಕಾರ ಒಂದಕ್ಕೆ ಮುಚ್ಚಳವಿದೆ, ಇನ್ನೊಂದಕ್ಕೆ ಇಲ್ಲ. ಮತ್ತೊಬ್ಬರ ಪ್ರಕಾರ ಒಂದು ಆಳವಾದುದು, ಆದ್ದರಿಂದ ಅದರಲ್ಲಿ ಮಾಡಿದ್ದು ಮೆತ್ತಗಿರುತ್ತದೆ. ಇನ್ನೊಂದು ಚಪ್ಪಟೆ, ಆದ್ದರಿಂದ ಅದರ ಮೇಲೆ ಮಾಡಿದ್ದು ಗಟ್ಟಿಯಾಗಿರುತ್ತದೆ. ಇಂದು ಮನೆಯಲ್ಲಿ ಬ್ರೆಡ್ ಮಾಡಬೇಕೆಂದು ಅಂಗಡಿಗೆ ಹೋಗಿ, ಸಾಲಾಗಿ ಜೋಡಿಸಿಟ್ಟ ತಗಡಿನ, ಗಾಜಿನ, ಎರಕದ ಕಬ್ಬಿಣದ ಪಾತ್ರೆಗಳ ಮುಂದೆ ಯಾವುದನ್ನು ಆರಿಸಲಿ ಎಂದು ನಿಂತಿರುವ ತಾಯಿಯೊಬ್ಬಳ ಪ್ರಶ್ನೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಆಳವೆಷ್ಟು? ಮುಚ್ಚಳವಿದೆಯೇ? ಬೆಂಕಿ ಎಲ್ಲಿಂದ ತಗಲುತ್ತದೆ?

ಬಡವನಾಗಲಿ ಬಲ್ಲಿದನಾಗಲಿ ತನ್ನ ಮನೆಯಲ್ಲಿರುವ ಪಾತ್ರೆಯಲ್ಲೇ ನೈವೇದ್ಯವನ್ನು ಸಿದ್ಧಪಡಿಸಬಹುದಾಗಿತ್ತು ಎಂಬುದು ಈ ವಚನಗಳಿಂದ ನನಗೆ ಹೊಳೆಯುವ ಅರ್ಥ. ಏಕೆಂದರೆ ಆ ಕಾಲದಲ್ಲಿ, ಆನಂತರ ಬಹುಕಾಲದವರೆಗೆ ಕೂಡ, ಎಲ್ಲರ ಮನೆಯಲ್ಲೂ ರೊಟ್ಟಿ ಸುಡುವ ಗೂಡು ಇರಲಿಲ್ಲ. ಹಿಟ್ಟು ಇದ್ದರೆ ಸಾಲದು, ಬೆಂಕಿಯೂ ಬೇಕು. ಬೆಂಕಿಗೆ ಸೌದೆ ಬೇಕು. ಸರೆಪ್ತದ ವಿಧವೆಯ ಕಥೆಯನ್ನು ನೆನಪಿಸಿಕೊಳ್ಳಿ. ಮಡಕೆಯ ತಳದಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ ಇದ್ದವೆಂಬುದು ನಮಗೆಲ್ಲ ನೆನಪಿದೆ. ಆದರೆ ಪ್ರವಾದಿ ಎಲೀಯನು ಊರಬಾಗಿಲಲ್ಲಿ ಆಕೆಯನ್ನು ಕಂಡಾಗ ಆಕೆ ಮಾಡುತ್ತಿದ್ದ ಕೆಲಸ ಸೌದೆಯ ಚೂರುಗಳನ್ನು ಆಯುವುದು (1 ಅರಸುಗಳು 17:10-12). ಅವಳ ಬಡತನದ ಅಳತೆಯಲ್ಲಿ ಹಿಟ್ಟು, ಎಣ್ಣೆಗಳ ಜೊತೆಗೆ ಆ ಕಡ್ಡಿಗಳೂ ಸೇರಿವೆ. ಬರಗಾಲದ ಭೀಕರತೆಯನ್ನು ಸೂಚಿಸಲು ಯಾಜಕಕಾಂಡವೇ ಮುಂದೆ ಕೊಡುವ ಚಿತ್ರವೂ ಇಂಥದ್ದೇ: ಹತ್ತು ಮಂದಿ ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಸುಡುವ ಕಾಲ (26:26). ರೊಟ್ಟಿಯ ಪಾತ್ರೆಗಳ ಇತಿಹಾಸವೆಂದರೆ, ಬಹುಮಟ್ಟಿಗೆ, ಸ್ವಂತ ಒಲೆಗೂಡಿಲ್ಲದ ಮನೆಗಳು ರೊಟ್ಟಿಯನ್ನು ಹೇಗೆ ಮಾಡಿಕೊಂಡವು ಎಂಬುದರ ಇತಿಹಾಸ.

ತನ್ನೂರ್ ಎಂಬುದು ನಮಗೆ ಅಪರಿಚಿತವೇನಲ್ಲ. ಪ್ರಾಚೀನ ಅಕ್ಕೇಡಿಯನ್ ಭಾಷೆಯ ತಿನೂರು, ಹೀಬ್ರೂ ಮತ್ತು ಅರಬ್ಬೀ ಭಾಷೆಗಳ ತನ್ನೂರ್, ಪರ್ಷಿಯನ್ನಿನ ತನೂರ್ ಇವೆಲ್ಲವೂ ಉತ್ತರ ಭಾರತದ ತಂದೂರಿನ ಹಿರಿಯರು. ಮೇಲೆ ಬಾಯಿ ತೆರೆದ ಮಣ್ಣಿನ ಕೊಳವೆ ಅದು. ತಳದಲ್ಲಿ ಒಣಹುಲ್ಲು, ಮುಳ್ಳುಕಂಟಿ, ಬೆರಣಿ ಹಾಕಿ ಉರಿಸಿ, ಗೋಡೆ ಚೆನ್ನಾಗಿ ಕಾದ ಮೇಲೆ ತಟ್ಟಿದ ಹಿಟ್ಟನ್ನು ಒಳಗೋಡೆಗೆ ಅಂಟಿಸುತ್ತಿದ್ದರು. ಹುಲ್ಲಿನ ಉರಿ ಕ್ಷಣಿಕ; ಆ ಕ್ಷಣದ ಕಾವನ್ನು ಹಿಡಿದಿಟ್ಟುಕೊಳ್ಳುವುದು ಮಣ್ಣಿನ ಕೆಲಸ. ಇಂದು ಹೊಲದಲ್ಲಿದ್ದು ನಾಳೆ ಒಲೆಯ ಪಾಲಾಗುವ ಹುಲ್ಲಿನ ಬಗ್ಗೆ ಪ್ರಭು ಯೇಸು ಹೇಳಿದಾಗ (ಮತ್ತಾಯ 6:30) ಕೇಳುಗರ ಕಣ್ಣಮುಂದೆ ಬಂದಿರಬೇಕಾದದ್ದು ಅವರ ಅಂಗಳದ ಇದೇ ಒಲೆ. ಅಲ್ಲಿ ಶುಭಸಂದೇಶದ ಗ್ರೀಕ್ ಪಠ್ಯದಲ್ಲಿರುವ ಪದ ಕ್ಲಿಬನೊಸ್. ಈ ಪದವನ್ನು ತುಸು ನೆನಪಿನಲ್ಲಿಡಿ. ರೋಮಿನಲ್ಲಿ ಅದು ಮತ್ತೆ ಸಿಗುತ್ತದೆ.

ಗೂಡಿಲ್ಲದವರಿಗೆ ಕಾದ ಕಲ್ಲು, ಕೆಂಡ, ಕಾವಲಿ ಇದ್ದವು. ಕಾವಲಿಯ ರೊಟ್ಟಿಗೆ ಒಂದು ಮಿತಿಯಿದೆ: ಕಾವು ಬರುವುದು ಕೆಳಗಿನಿಂದ ಮಾತ್ರ. ತೆಳ್ಳಗೆ ತಟ್ಟಬೇಕು, ಸಮಯಕ್ಕೆ ಸರಿಯಾಗಿ ಮಗುಚಬೇಕು. ಪ್ರವಾದಿ ಹೊಶೇಯನು ತನ್ನ ಜನರನ್ನು ಮಗುಚಿ ಹಾಕದ ರೊಟ್ಟಿಗೆ ಹೋಲಿಸುತ್ತಾನೆ (7:8). ಒಂದು ಮಗ್ಗುಲು ಕರಕಲು, ಇನ್ನೊಂದು ಹಸಿ. ಜೋಳದ ರೊಟ್ಟಿ ಬಡಿಯುವ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಈ ಹೋಲಿಕೆಗೆ ವ್ಯಾಖ್ಯಾನವೇ ಬೇಡ. ಹಂಚಿನ ಮೇಲೆ ರೊಟ್ಟಿ ತೆಳ್ಳಗಿದ್ದರೆ ಸರಿ. ಹುಳಿಹಿಟ್ಟು ಬೆರೆಸಿ ಉಬ್ಬಿಸಿದ ದಪ್ಪ ರೊಟ್ಟಿಗೆ ಮಾತ್ರ ಸುತ್ತಲಿಂದಲೂ ಕಾವು ಬೇಕು. ಆ ಕಾವನ್ನು ಒಂದು ಪಾತ್ರೆಯೊಳಗೆ ಹೇಗೆ ಸೆರೆಹಿಡಿಯುವುದು?

ಈ ಪ್ರಶ್ನೆಗೆ ಈಜಿಪ್ಟಿನವರು ಬಹು ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದರು. 1991ರಲ್ಲಿ ಪುರಾತತ್ತ್ವಜ್ಞ ಮಾರ್ಕ್ ಲೆಹ್ನರ್ ಅವರ ತಂಡ ಗೀಜಾದ ಪಿರಮಿಡ್ಡುಗಳ ದಕ್ಷಿಣಕ್ಕೆ, ಪಿರಮಿಡ್ ಕಟ್ಟಿದ ಕೆಲಸಗಾರರ ನೆಲೆಯಲ್ಲಿ, ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಎರಡು ಬೇಕರಿಗಳನ್ನು ಅಗೆದು ತೆಗೆಯಿತು. ಅಲ್ಲಿ ದೊರೆತದ್ದು ಗಂಟೆಯಾಕಾರದ ದಪ್ಪ ಮಣ್ಣಿನ ಅಚ್ಚುಗಳು. ಈಜಿಪ್ಟಿನವರು ಅವನ್ನು ಬೆಜಾ ಎನ್ನುತ್ತಿದ್ದರು. ಸಕ್ಕಾರಾದಲ್ಲಿರುವ ತೀ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ ಕೆಲಸದ ಕ್ರಮವನ್ನೇ ಕೆತ್ತಿದ್ದಾರೆ. ಮೊದಲು ಖಾಲಿ ಅಚ್ಚುಗಳನ್ನು ಉರಿಯ ಮೇಲೆ ಪೇರಿಸಿ ಕಾಯಿಸುವುದು. ಅನಂತರ ಬಿಸಿಬೂದಿ, ಕೆಂಡಗಳ ಕುಳಿಯಲ್ಲಿ ಅವನ್ನು ನಿಲ್ಲಿಸಿ ಹಿಟ್ಟು ಸುರಿಯುವುದು. ಕಾದ ಇನ್ನೊಂದು ಅಚ್ಚನ್ನು ಬೋರಲಾಗಿ ಮುಚ್ಚುವುದು. ಹೀಗೆ ಪ್ರತಿಯೊಂದು ರೊಟ್ಟಿಗೂ ಅದರದ್ದೇ ಒಂದು ಪುಟ್ಟ ಗೂಡು ಸಿದ್ಧವಾಗುತ್ತಿತ್ತು. ಅಲ್ಲಿ ಬಳಸುತ್ತಿದ್ದ ಎಮ್ಮರ್ ಗೋಧಿ ಹಾಗೂ ಬಾರ್ಲಿಯ ಹಿಟ್ಟಿಗೆ ಇಂದಿನ ಮೈದಾಹಿಟ್ಟಿನ ಜಿಗುಟಿಲ್ಲ. ಅಂಥ ಹಿಟ್ಟು ತಾನಾಗಿ ನಿಲ್ಲುವುದು ಕಷ್ಟ, ಅದಕ್ಕೆ ಗೋಡೆಯ ಆಸರೆ ಬೇಕು. ರೊಟ್ಟಿಯ ಡಬ್ಬಿಯ ಉಪಯೋಗ ಇಂದಿಗೂ ಇದೇ ಅಲ್ಲವೇ? ರಾಗಿ, ಜೋಳ ಬೆರೆಸಿ ಬ್ರೆಡ್ ಮಾಡುವವರು ಉಂಡೆ ಕಟ್ಟಿ ತಟ್ಟೆಯ ಮೇಲಿಟ್ಟರೆ ಅದು ಹರಡಿ ಚಪ್ಪಟೆಯಾಗುತ್ತದೆ, ಡಬ್ಬಿಯಲ್ಲಿಟ್ಟರೆ ನಿಲ್ಲುತ್ತದೆ.

ರೋಮಿನ ಕಥೆ ನನಗೆ ಇನ್ನೂ ಹತ್ತಿರವೆನಿಸುತ್ತದೆ, ಏಕೆಂದರೆ ಅದು ಮನೆಯ ಅಡುಗೆಯ ಕಥೆ. ಕ್ರಿ.ಪೂ. 2ನೆಯ ಶತಮಾನದ ಮುಂದಾಳು ಕೇಟೋ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ನಾದಿದ ರೊಟ್ಟಿಯನ್ನು ಮಾಡುವ ಬಗೆಯನ್ನು ಕೆಲವೇ ಸಾಲುಗಳಲ್ಲಿ ಕೊಟ್ಟಿದ್ದಾನೆ. ಕೈಯನ್ನೂ ನಾದುವ ಪಾತ್ರೆಯನ್ನೂ ಚೆನ್ನಾಗಿ ತೊಳೆಯಿರಿ, ಹಿಟ್ಟಿಗೆ ಸ್ವಲ್ಪಸ್ವಲ್ಪವಾಗಿ ನೀರು ಸೇರಿಸುತ್ತಾ ನಾದಿರಿ, ಆಕಾರ ಕೊಟ್ಟು ಮಣ್ಣಿನ ಮುಚ್ಚಳದಡಿ ಬೇಯಿಸಿರಿ ಎಂಬುದು ಅದರ ಸಾರಾಂಶ. ಆ ಮುಚ್ಚಳವೇ ಅವರ ಓವನ್. ಕಾದ ಒಲೆಗಲ್ಲಿನ ಮೇಲೆ ಹಿಟ್ಟನ್ನಿಟ್ಟು, ಗುಮ್ಮಟದಂಥ ಮಣ್ಣಿನ ಮುಚ್ಚಳವನ್ನು ಕವುಚಿ, ಅದರ ಮೇಲೂ ಸುತ್ತಲೂ ಕೆಂಡ ಹರಡುತ್ತಿದ್ದರು. ಇದಕ್ಕೆ ತೆಸ್ತು ಎಂದೂ ಕ್ಲಿಬನುಸ್ ಎಂದೂ ಹೆಸರು; ಶುಭಸಂದೇಶದ ಕ್ಲಿಬನೊಸ್ ಪದವೇ ಲ್ಯಾಟಿನ್ನಿಗೆ ಬಂದು ಈ ಪಾತ್ರೆಗೂ ಸಂದಿತು. ಕ್ರಿ.ಶ. 1ನೆಯ ಶತಮಾನದ ಪ್ಲಿನಿ ಎಂಬ ಲೇಖಕ ರೊಟ್ಟಿಗಳನ್ನು ಬೇಯಿಸುವ ಸಾಧನದಿಂದಲೇ ಹೆಸರಿಸುತ್ತಾನೆ: ಭಟ್ಟಿಯ ರೊಟ್ಟಿ, ಅಚ್ಚಿನ ರೊಟ್ಟಿ, ಕ್ಲಿಬನುಸಿನ ರೊಟ್ಟಿ. ಅವನೇ ದಾಖಲಿಸಿರುವ ಮತ್ತೊಂದು ಸಂಗತಿ ಗಮನಾರ್ಹ. ರೋಮ್ ನಗರ ಸ್ಥಾಪನೆಯಾಗಿ 580 ವರ್ಷಗಳಿಗೂ ಹೆಚ್ಚು ಕಾಲ, ಅಂದರೆ ಕ್ರಿ.ಪೂ. 171ರಲ್ಲಿ ಆರಂಭವಾದ ಮ್ಯಾಸಿಡೋನಿಯದ ಯುದ್ಧದವರೆಗೆ, ಅಲ್ಲಿ ರೊಟ್ಟಿ ಮಾಡುವುದನ್ನೇ ವೃತ್ತಿಯಾಗಿಸಿಕೊಂಡವರು ಇರಲಿಲ್ಲವಂತೆ. ಅದು ಮನೆಯ ಹೆಂಗಸರ ಕೆಲಸವಾಗಿತ್ತು.

ಆಮೇಲೆ ಬೇಕರಿಗಳು ಬಂದವು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇ ನಗರದಲ್ಲಿ ಮೂವತ್ತಕ್ಕೂ ಹೆಚ್ಚು ಬೇಕರಿಗಳನ್ನು ಗುರುತಿಸಲಾಗಿದೆ. 1862ರಲ್ಲಿ ಅವುಗಳಲ್ಲೊಂದರ ಭಟ್ಟಿಯನ್ನು ತೆರೆದಾಗ ಒಳಗೆ 81 ರೊಟ್ಟಿಗಳು ಇದ್ದಿಲಾಗಿ ಹಾಗೆಯೇ ಉಳಿದಿದ್ದವು. ಎಂಟು ಹೋಳುಗಳಾಗಿ ಗೀರಿದ ದುಂಡನೆಯ ರೊಟ್ಟಿಗಳು. ಪಕ್ಕದ ಹರ್ಕುಲೇನಿಯಮ್ಮಿನಲ್ಲಿ ಸಿಕ್ಕಿದ ಒಂದು ರೊಟ್ಟಿಯ ಮೇಲೆ ಮುದ್ರೆಯಿದೆ: ಕ್ವಿಂತುಸ್ ಗ್ರಾನಿಯುಸ್ ವೆರುಸನ ಗುಲಾಮ ಕೆಲೆರನದು ಎಂದು. ಎರಡು ಸಾವಿರ ವರ್ಷಗಳ ಹಿಂದಿನ ಗುಲಾಮನೊಬ್ಬನ ಹೆಸರು ನಮಗೆ ತಲುಪಿದ್ದು ರೊಟ್ಟಿಯ ಮೂಲಕ ಎಂಬುದನ್ನು ನೆನೆದಾಗ ಮನಸ್ಸು ಒಂದು ಕ್ಷಣ ಮೌನವಾಗುತ್ತದೆ.

ಮಧ್ಯಯುಗದ ಯೂರೋಪಿನಲ್ಲಿ ಬೆಂಕಿ ಒಡೆಯನ ಸೊತ್ತಾಯಿತು. ಫ್ರಾನ್ಸಿನ ಎಷ್ಟೋ ಊರುಗಳಲ್ಲಿ ರೈತರು ತಮ್ಮ ರೊಟ್ಟಿಯನ್ನು ಜಮೀನ್ದಾರನ ಭಟ್ಟಿಯಲ್ಲೇ ಸುಡಬೇಕು, ಅದಕ್ಕೆ ಸುಂಕ ತೆರಬೇಕು ಎಂಬ ಕಟ್ಟುಪಾಡಿತ್ತು. ಈ ಒಡೆಯರ ಸಾಲಿನಲ್ಲಿ ಸಂನ್ಯಾಸಿಗಳ ಮಠಗಳೂ ಇದ್ದವೆಂಬುದನ್ನು ನಾವು ಮುಚ್ಚಿಡುವಂತಿಲ್ಲ. 1789ರ ಕ್ರಾಂತಿಯ ಬಳಿಕವೇ, ಹಂತಹಂತವಾಗಿ 1793ರ ಹೊತ್ತಿಗೆ, ಈ ಹಕ್ಕುಗಳು ಸಂಪೂರ್ಣವಾಗಿ ರದ್ದಾದವು. ಸಾಮೂಹಿಕ ಭಟ್ಟಿಯ ರೊಟ್ಟಿಗೆ ಡಬ್ಬಿ ಬೇಕಿರಲಿಲ್ಲ; ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ನೇರವಾಗಿ ಭಟ್ಟಿಯ ನೆಲದ ಮೇಲೆ ಜಾರಿಸುತ್ತಿದ್ದರು. ಆಕಾರ ಕೊಡುವ ಕೆಲಸವನ್ನು ಬೆತ್ತದ ಬುಟ್ಟಿ ಮಾಡುತ್ತಿತ್ತು. ಹಿಟ್ಟು ಅದರಲ್ಲಿ ಕೂತು ಉಬ್ಬುತ್ತಿತ್ತು. ಬುಟ್ಟಿಯ ಸುತ್ತುಗಳ ಗುರುತು ರೊಟ್ಟಿಯ ಮೇಲೆ ಉಳಿಯುತ್ತಿತ್ತು. ಇಟಲಿಯ ಮತೇರಾ ಪಟ್ಟಣದಲ್ಲಿ ಯಾರ ರೊಟ್ಟಿ ಯಾರದೆಂದು ತಿಳಿಯಲು ಪ್ರತಿ ಮನೆಗೂ ಒಂದೊಂದು ಮರದ ಮುದ್ರೆಯಿತ್ತು. ಅದರಲ್ಲಿ ಮನೆಯ ಯಜಮಾನನ ಹೆಸರಿನ ಮೊದಲಕ್ಷರಗಳನ್ನು ಕೆತ್ತಿರುತ್ತಿದ್ದರು.

ಇದೇ ಕಾಲದಲ್ಲಿ, ಇದೇ ಮಠಗಳಲ್ಲಿ, ಇನ್ನೊಂದು ಬಗೆಯ ಪಾತ್ರೆ ರೂಪುಗೊಂಡಿತು. ಪ್ರತಿ ಭಾನುವಾರ ನೀವು ಅದರ ಫಲವನ್ನು ಕಾಣುತ್ತೀರಿ. ಬಲಿಪೂಜೆಯ ಓಸ್ತಿಯನ್ನು ಮಾಡಲು ಉದ್ದ ಹಿಡಿಗಳ ಕಬ್ಬಿಣದ ಇಕ್ಕಳವೊಂದನ್ನು ಬಳಸುತ್ತಿದ್ದರು. ಇಕ್ಕಳದ ತುದಿಯಲ್ಲಿ ಎರಡು ಚಪ್ಪಟೆ ಫಲಕಗಳು. ಫಲಕದ ಒಳಮೈಯಲ್ಲಿ ಶಿಲುಬೆಯ ಅಥವಾ ಶಿಲುಬೆಗೇರಿದ ಕ್ರಿಸ್ತರ ಕೆತ್ತನೆ. ಹುಳಿಯಿಲ್ಲದ ತೆಳುವಾದ ಹಿಟ್ಟನ್ನು ನಡುವೆ ಹಾಕಿ ಅಮುಕಿ ಬೆಂಕಿಯಲ್ಲಿ ಹಿಡಿದರೆ ಕ್ಷಣಮಾತ್ರದಲ್ಲಿ ಬೇಯುತ್ತಿತ್ತು. 11ನೆಯ ಶತಮಾನದ ಕ್ಲೂನಿ ಮಠದ ಆಚರಣಾವಳಿಯು ಈ ಕೆಲಸವನ್ನು ಬಹಳ ಸೂಕ್ಷ್ಮವಾಗಿ ವಿವರಿಸುತ್ತದೆ: ಗೋಧಿಯನ್ನು ಒಂದೊಂದೇ ಕಾಳಾಗಿ ಆರಿಸಬೇಕು, ತೊಳೆಯಬೇಕು, ಇಕ್ಕಳ ಹಿಡಿಯುವವನ ಕೈಗೆ ಕೈಗವಸು ಇರಬೇಕು, ಕೆಲಸದೊಡನೆ ಕೀರ್ತನೆಗಳು ಸಾಗಬೇಕು. ಮಕ್ಕಳು ಇಷ್ಟಪಟ್ಟು ತಿನ್ನುವ ವಾಫಲ್ ಕೂಡ ಇದೇ ಇಕ್ಕಳದ ವಂಶದ್ದು. ಪೂರ್ವದ ಧರ್ಮಸಭೆಗಳು ಹುಳಿಹಿಟ್ಟಿನ ರೊಟ್ಟಿಯನ್ನೇ ಉಳಿಸಿಕೊಂಡವು. ಗ್ರೀಕ್ ಸಂಪ್ರದಾಯದವರು ಇಂದಿಗೂ ಬೇಯಿಸುವ ಮುನ್ನ ಅದರ ಮೇಲೆ ಕೆತ್ತನೆಯ ಮುದ್ರೆಯನ್ನು ಒತ್ತುತ್ತಾರೆ.

ಮನೆಯ ರೊಟ್ಟಿಯ ಕಥೆಗೆ ಮರಳೋಣ. 1707ರಲ್ಲಿ ಇಂಗ್ಲೆಂಡಿನ ಏಬ್ರಹಾಂ ಡಾರ್ಬಿ ಎಂಬಾತ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆಗಳನ್ನು ಎರಕ ಹೊಯ್ಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಅಲ್ಲಿಯವರೆಗೆ ದುಬಾರಿಯಾದ ಹಿತ್ತಾಳೆ, ಕಂಚಿನ ಪಾತ್ರೆಗಳನ್ನು ಕೊಳ್ಳಲಾಗದವರ ಮನೆಗೂ ದಪ್ಪ ತಳದ ಕಬ್ಬಿಣದ ಮಡಕೆ ಬಂದಿತು. ಮೂರು ಕಾಲು, ಬಿಗಿಯಾದ ಮುಚ್ಚಳ, ಮುಚ್ಚಳದ ಅಂಚಿನಲ್ಲಿ ಕೆಂಡ ಜಾರದಂತೆ ತಡೆಯುವ ಸಣ್ಣ ಕಟ್ಟೆ. ಇದೇ ಮುಂದೆ ಡಚ್ ಓವನ್ ಎಂದು ಪ್ರಸಿದ್ಧವಾಯಿತು. ಅಮೆರಿಕದಲ್ಲಿ ಪಶ್ಚಿಮಕ್ಕೆ ವಲಸೆ ಹೊರಟವರ ಗಾಡಿಗಳಲ್ಲಿ, ದಕ್ಷಿಣ ಆಫ್ರಿಕದ ಬೋಯರರ ಬಿಡಾರಗಳಲ್ಲಿ, ಆಸ್ಟ್ರೇಲಿಯದ ಕುರಿಗಾಹಿಗಳ ಬೆಂಕಿಯ ಪಕ್ಕದಲ್ಲಿ ಅದು ಕಾಣಿಸಿಕೊಂಡಿತು. ಅದನ್ನು ಅತ್ಯಂತ ಆಪ್ತವಾಗಿ ಅಪ್ಪಿಕೊಂಡದ್ದು ಐರ್ಲೆಂಡಿನ ಬಡ ಕೃಷಿಕರು. ಅವರ ಗುಡಿಸಲುಗಳಲ್ಲಿ ಗೂಡಿರಲಿಲ್ಲ, ಸೌದೆಯೂ ಕಡಿಮೆ. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಎಂಬ ಮಣ್ಣಿನ ಹೆಂಟೆಯೇ ಉರುವಲು. 19ನೆಯ ಶತಮಾನದಲ್ಲಿ ಅಡುಗೆ ಸೋಡಾ ಬಳಕೆಗೆ ಬಂದಾಗ, ಹಿಟ್ಟಿಗೆ ಸೋಡಾ ಮತ್ತು ಮಜ್ಜಿಗೆ ಸೇರಿಸಿ, ಬ್ಯಾಸ್ಟಿಬಲ್ ಎಂದು ಕರೆಯುತ್ತಿದ್ದ ಈ ಮಡಕೆಯಲ್ಲಿಟ್ಟು, ಮುಚ್ಚಳದ ಮೇಲೆ ಪೀಟಿನ ಕೆಂಡ ಹಾಕಿ ರೊಟ್ಟಿ ಮಾಡಿದರು. ಯೀಸ್ಟಿಲ್ಲ, ಗೂಡಿಲ್ಲ, ಆದರೂ ಉಬ್ಬಿದ ರೊಟ್ಟಿ ಮೇಜಿನ ಮೇಲೆ.

ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ ಎಂಬ ಈ ವಿದ್ಯೆ ನಮ್ಮ ಪಶ್ಚಿಮ ಕರಾವಳಿಗೂ ಗೊತ್ತಿತ್ತು. ಗೋವೆಯ ಬೆಬಿಂಕಾ ಎಂಬ ಪದರಪದರದ ಸಿಹಿಯನ್ನು ಮೇಲಿನ ಕೆಂಡದ ಕಾವಿನಲ್ಲೇ ಬೇಯಿಸುತ್ತಿದ್ದರು. ಓವನ್ ಇಲ್ಲದ ಕಾಲದಲ್ಲಿ ಕ್ರಿಸ್ಮಸ್ ಕೇಕನ್ನು ಹೀಗೆಯೇ ಕೆಂಡದ ನಡುವೆ ಮಾಡಿದ್ದನ್ನು ನೆನೆಯುವ ಹಿರಿಯರು ಕರಾವಳಿಯ ಕ್ರೈಸ್ತ ಮನೆಗಳಲ್ಲಿದ್ದಾರೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟು ಕೆಂಡ, ಎಷ್ಟು ಹೊತ್ತು ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ನಾವಿಂದು ಬ್ರೆಡ್ ಎಂದೊಡನೆ ಕಣ್ಣಿಗೆ ಕಟ್ಟುವ ಇಟ್ಟಿಗೆಯಾಕಾರ ಮಾತ್ರ ತೀರಾ ಈಚಿನದು. 18ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ವೇಲ್ಸಿನ ಪಾಂಟಿಪೂಲ್‌ನಲ್ಲಿ ಕಬ್ಬಿಣವನ್ನು ತೆಳ್ಳನೆಯ ಹಾಳೆಯಾಗಿ ಉರುಳಿಸಿ ತವರ ಲೇಪಿಸುವ ಉದ್ಯಮ ಬೆಳೆಯಿತು. ತವರ ಲೇಪಿಸಿದ ತಗಡು ಅಗ್ಗವಾದಂತೆ ತಗಡಿನ ಡಬ್ಬಿಯ ರೊಟ್ಟಿ ಇಂಗ್ಲೆಂಡಿನಲ್ಲಿ ಹರಡಿತು. ಡಬ್ಬಿಗಳನ್ನು ಒತ್ತೊತ್ತಾಗಿ ಜೋಡಿಸಬಹುದಾದ್ದರಿಂದ ಅದೇ ಬೆಂಕಿಯಲ್ಲಿ ಹೆಚ್ಚು ರೊಟ್ಟಿ ಬೇಯುತ್ತಿತ್ತು. ಆದರೆ ವಿಪರ್ಯಾಸ ನೋಡಿ: ಡಬ್ಬಿ ಅಗ್ಗವಾಗುತ್ತಿದ್ದ ಕಾಲದಲ್ಲೇ ಬಡವರ ಮನೆಯ ಬೆಂಕಿ ಆರುತ್ತಿತ್ತು. ಊರಿನ ಗೋಮಾಳ, ಕುರುಚಲು ಕಾಡುಗಳಿಗೆ ಬೇಲಿ ಬಿದ್ದು ಕೂಲಿಕಾರರಿಗೆ ಸೌದೆ ಆಯುವ ಹಕ್ಕು ತಪ್ಪಿತು. 1821-22ರಲ್ಲಿ ವಿಲಿಯಂ ಕಾಬೆಟ್ ಎಂಬ ಪತ್ರಕರ್ತ 'ಕಾಟೇಜ್ ಎಕಾನಮಿ' ಎಂಬ ಪುಸ್ತಕದಲ್ಲಿ ಕೂಲಿಕಾರನ ಹೆಂಡತಿ ರೊಟ್ಟಿಯನ್ನು ಮನೆಯಲ್ಲೇ ಮಾಡಬೇಕೆಂದು ಆವೇಶದಿಂದ ವಾದಿಸಿದ. ಅವನ ಕಳಕಳಿ ನಿಜವಾದುದೇ. ಆದರೆ ರೊಟ್ಟಿ ಮಾಡಲು ಬಾರದ ಹೆಣ್ಣನ್ನು ಅವನು ಹಳಿಯುವ ಬಗೆ ನನಗೆ ಒಪ್ಪಿಗೆಯಾಗದು. ಒಲೆಗೂಡಿಲ್ಲದ, ಸೌದೆಯಿಲ್ಲದ ಮನೆಯಲ್ಲಿ ಆಕೆ ಮಾಡುವುದಾದರೂ ಏನು? ಅಂಗಡಿಯ ರೊಟ್ಟಿಯಲ್ಲಿಯೂ ಮೋಸವಿತ್ತು. ಬಿಳುಪಿಗಾಗಿ ಪಟಿಕ ಬೆರೆಸುತ್ತಿದ್ದರು. ಈ ಕಲಬೆರಕೆಯನ್ನು ಕಂಡು 1857ರಲ್ಲಿ ಎಲಿಜಾ ಆಕ್ಟನ್ ಎಂಬ ಲೇಖಕಿ ಮನೆಯ ರೊಟ್ಟಿಗೆಂದೇ ಒಂದು ಇಡೀ ಪುಸ್ತಕ ಬರೆದರು.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಅಮೆರಿಕದ ಪುಲ್‌ಮನ್ ರೈಲುಬೋಗಿಗಳ ಹೆಸರು ಹೊತ್ತ, ಜಾರುವ ಮುಚ್ಚಳದ ಡಬ್ಬಿ ನಾಲ್ಕೂ ಕಡೆ ಸಮತಟ್ಟಾದ ಬ್ರೆಡ್ಡನ್ನು ಕೊಟ್ಟಿತು. 1928ರ ಜುಲೈ 7ರಂದು ಅಮೆರಿಕದ ಚಿಲಿಕಾತಿ ಎಂಬ ಪಟ್ಟಣದಲ್ಲಿ ಓಟೋ ರೋವೆಡರ್ ಅವರ ಯಂತ್ರ ಕತ್ತರಿಸಿದ ಬ್ರೆಡ್ ಮೊದಲ ಬಾರಿಗೆ ಮಾರಾಟವಾಯಿತು. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ಹಿಟ್ಟನ್ನು ಯಂತ್ರವೇಗದಿಂದ ಕೆಲವೇ ನಿಮಿಷಗಳಲ್ಲಿ ನಾದಿ ಹದಗೊಳಿಸುವ ಪದ್ಧತಿ ಬಂತು. ಮನೆಯ ಡಬ್ಬಿ ಅಟ್ಟ ಸೇರಿತು.

ಅಟ್ಟದಿಂದ ಅದು ಇಳಿಯಲು ಇಬ್ಬರು ಗೃಹಿಣಿಯರೂ ಕಾರಣ. 1913ರಲ್ಲಿ ಕಾರ್ನಿಂಗ್ ಗಾಜಿನ ಕಾರ್ಖಾನೆಯ ವಿಜ್ಞಾನಿ ಜೆಸ್ಸಿ ಲಿಟಲ್ಟನ್ ಅವರ ಪತ್ನಿ ಬೆಸ್ಸಿ, ಗಂಡ ತಂದುಕೊಟ್ಟ ಬ್ಯಾಟರಿ ಜಾಡಿಯ ಕತ್ತರಿಸಿದ ತಳದಲ್ಲಿ ಕೇಕ್ ಬೇಯಿಸಿ ನೋಡಿದರು. ಒಡೆಯಲಿಲ್ಲ, ಸಮವಾಗಿ ಬೆಂದಿತ್ತು. 1915ರಲ್ಲಿ ಪೈರೆಕ್ಸ್ ಪಾತ್ರೆ ಮಾರುಕಟ್ಟೆಗೆ ಬಂತು. ಇನ್ನು, 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನನ್ನು ಬಾಣಲೆಗೆ ಲೇಪಿಸುವಂತೆ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್‌ಗೆ 1954ರಲ್ಲಿ ಸೂಚಿಸಿದವರು ಅವರ ಪತ್ನಿ.

ಈಗ ನಿಮ್ಮ ಅಡುಗೆಮನೆಗೆ ಬರೋಣ. ನಮ್ಮದು ಹಬೆಯ ಮತ್ತು ಕಾವಲಿಯ ನಾಡು. ಹಲಸಿನೆಲೆಯ ಕೊಟ್ಟೆ, ಕೇದಗೆಯ ಮೂಡೆಗಳನ್ನೇ ಪಾತ್ರೆಯಾಗಿಸಿಕೊಂಡ ಕರಾವಳಿಯವರಿಗೆ ಹಿಟ್ಟಿಗೆ ಆಕಾರ ಕೊಡುವುದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಓವನ್ ನಮ್ಮ ಮನೆಗಳಿಗೆ ಬಂದದ್ದು ತೀರಾ ತಡವಾಗಿ. ಅದಕ್ಕೆ ಮುಂಚೆ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ತೆಗೆದು, ತಳಕ್ಕೆ ಮರಳು ಹಾಸಿ ಕೇಕ್ ಬೇಯಿಸಿದ ತಾಯಂದಿರೆಷ್ಟೋ ಮಂದಿ. ಅವರು ಕೇಟೋನ ಮಣ್ಣಿನ ಮುಚ್ಚಳದ ವಿದ್ಯೆಯನ್ನೇ ಹೊಸದಾಗಿ ಕಂಡುಕೊಂಡಿದ್ದರು. 2020ರ ಲಾಕ್‌ಡೌನಿನ ತಿಂಗಳುಗಳಲ್ಲಿ ಇನ್ನೂ ಎಷ್ಟೋ ಮನೆಗಳು ಬ್ರೆಡ್ ಮಾಡಲು ಕಲಿತವು. ಮೇಜಿನ ಮೇಲಿಡುವ ಪುಟ್ಟ ಓವನ್ ಈಗ ಅಪರೂಪದ ವಸ್ತುವಲ್ಲ.

ಮೆತ್ತನೆಯ ಸ್ಯಾಂಡ್‌ವಿಚ್ ಬ್ರೆಡ್ ಬೇಕೆಂದರೆ ಆಳವಾದ ಉದ್ದನೆಯ ಡಬ್ಬಿಯನ್ನೇ ಆರಿಸಿ. 500 ಗ್ರಾಂ ಹಿಟ್ಟಿಗೆ ಒಂಬತ್ತು ಅಂಗುಲ ಉದ್ದ, ಐದು ಅಂಗುಲ ಅಗಲದ ಡಬ್ಬಿ ಸರಿ. ಎಂಟೂವರೆಗೆ ನಾಲ್ಕೂವರೆಯದಾದರೆ 350ರಿಂದ 400 ಗ್ರಾಂ ಹಿಟ್ಟು ಸಾಕು. ಅರ್ಧ ಅಂಗುಲದ ವ್ಯತ್ಯಾಸ ಅಲ್ಪವೆಂದು ತೋರಬಹುದು. ಎರಡರಲ್ಲೂ ನೀರು ತುಂಬಿಸಿ ಅಳೆದು ನೋಡಿ: ಒಂದು ಸುಮಾರು 1.9 ಲೀಟರ್ ಹಿಡಿದರೆ ಇನ್ನೊಂದು 1.4 ಲೀಟರ್ ಮಾತ್ರ. ದೊಡ್ಡ ಡಬ್ಬಿಯಲ್ಲಿ ಕಡಿಮೆ ಹಿಟ್ಟು ಹಾಕಿ, ಬ್ರೆಡ್ ಉಬ್ಬಲಿಲ್ಲವೆಂದು ಯೀಸ್ಟನ್ನು ದೂರುವವರು ಬಹಳ ಮಂದಿ. ಹಿಟ್ಟು ಡಬ್ಬಿಯ ಅರ್ಧಕ್ಕಿಂತ ಮೇಲೆ, ಮೂರರಲ್ಲಿ ಎರಡು ಪಾಲಿನವರೆಗೆ ಇರಲಿ.

ಬಣ್ಣವೂ ಮುಖ್ಯ. ಹೊಳೆಯುವ ಅಲ್ಯೂಮಿನಿಯಂ ಕಾವಿನ ಕಿರಣಗಳನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಬ್ರೆಡ್ಡಿನ ಮಗ್ಗುಲು ಬಿಳಿಚಿಕೊಳ್ಳುತ್ತದೆ. ಕಪ್ಪು ಡಬ್ಬಿ ಕಾವನ್ನು ಹೀರಿ ಬೇಗ ಕೆಂಪಾಗಿಸುತ್ತದೆ. ಕಪ್ಪು ಡಬ್ಬಿಗೂ ಗಾಜಿನ ಪಾತ್ರೆಗೂ ಓವನಿನ ಉಷ್ಣತೆಯನ್ನು ಸುಮಾರು 15 ಡಿಗ್ರಿ ತಗ್ಗಿಸುವುದು ಒಳ್ಳೆಯದು. ಬಿಸಿ ಗಾಜನ್ನು ಒದ್ದೆ ಕಲ್ಲಿನ ಮೇಲಿಡಬೇಡಿ. ಅಂಟದ ಲೇಪನದ ಪಾತ್ರೆಯಾದರೆ 260 ಡಿಗ್ರಿ ಮೀರಿದಾಗ ಲೇಪನ ಕೆಡತೊಡಗುತ್ತದೆ, ಗೀರಿದರೆ ಏಳುತ್ತದೆ. ಹಳೆಯದಾಗಿ ಸಿಪ್ಪೆಯೇಳುತ್ತಿದ್ದರೆ ಮರುಯೋಚನೆ ಮಾಡದೆ ಬಿಟ್ಟುಬಿಡಿ. ಸಿಲಿಕೋನ್ ಅಚ್ಚುಗಳು ಬಾಗುತ್ತವೆ, ಕಾವನ್ನು ನಿಧಾನವಾಗಿ ಹಾಯಿಸುತ್ತವೆ; ಬ್ರೆಡ್ಡಿಗೆ ನಾನವನ್ನು ಸೂಚಿಸಲಾರೆ.

ಗರಿಗರಿಯಾದ ದಪ್ಪ ಹೊರಪದರದ ದುಂಡು ರೊಟ್ಟಿ ಬೇಕೆನ್ನುವವರಿಗೆ ಮುಚ್ಚಳವುಳ್ಳ ಭಾರವಾದ ಪಾತ್ರೆಗಿಂತ ಉತ್ತಮವಾದುದಿಲ್ಲ. 2006ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬೇಕರಿಯವರಾದ ಜಿಮ್ ಲೇಹಿ ಅವರ ನಾದದ ಬ್ರೆಡ್ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಲೋಕವೆಲ್ಲ ಸುತ್ತಿತು. ಎರಕದ ಕಬ್ಬಿಣದ ಪಾತ್ರೆಯನ್ನು ಮುಚ್ಚಳದೊಡನೆ ಓವನಿನಲ್ಲಿ 230 ಡಿಗ್ರಿಯಲ್ಲಿ ಅರ್ಧ ಗಂಟೆ ಖಾಲಿ ಕಾಯಿಸಿ, ತೆಳುವಾಗಿ ಕಲಸಿ ರಾತ್ರಿಯಿಡೀ ಹುದುಗಲು ಬಿಟ್ಟ ಹಿಟ್ಟನ್ನು ಅದರೊಳಗೆ ಜಾರಿಸಿ, ಮುಚ್ಚಿ ಅರ್ಧ ಗಂಟೆ, ತೆರೆದು ಕಾಲು ಗಂಟೆ ಬೇಯಿಸುವುದು. ಹಿಟ್ಟಿನದೇ ನೀರು ಆವಿಯಾಗಿ ಮುಚ್ಚಳದೊಳಗೆ ಉಳಿದು ಹೊರಪದರ ಬೇಗ ಗಟ್ಟಿಯಾಗದಂತೆ ತಡೆಯುತ್ತದೆ. ಆ ಅವಕಾಶದಲ್ಲಿ ರೊಟ್ಟಿ ಪೂರ್ಣವಾಗಿ ಉಬ್ಬುತ್ತದೆ. ಈಜಿಪ್ಟಿನ ಬೆಜಾ, ಕೇಟೋನ ತೆಸ್ತು, ಐರಿಷ್ ಹೆಂಗಸಿನ ಬ್ಯಾಸ್ಟಿಬಲ್ ಮಾಡುತ್ತಿದ್ದುದೂ ಇದನ್ನೇ. ದುಬಾರಿ ವಿದೇಶಿ ಪಾತ್ರೆಯೇ ಬೇಕೆಂದಿಲ್ಲ. ದಪ್ಪ ತಳದ, ಬಿಗಿ ಮುಚ್ಚಳದ ಪಾತ್ರೆ ಮನೆಯಲ್ಲೇ ಇರಬಹುದು. ಅದರ ಹಿಡಿಯಾಗಲಿ ಮುಚ್ಚಳದ ಗುಬುಟಾಗಲಿ ಪ್ಲಾಸ್ಟಿಕ್ಕಿನದಲ್ಲವೆಂದು ಖಚಿತಪಡಿಸಿಕೊಳ್ಳಿ, ಓವನಿನ ಬಾಗಿಲು ಮುಚ್ಚುವಷ್ಟು ಎತ್ತರವೇ ಎಂದು ಮೊದಲು ಅಳೆಯಿರಿ. ಮಣ್ಣಿನ ಪಾತ್ರೆಯಾದರೆ ತಣ್ಣನೆಯ ಓವನಿನಲ್ಲಿಟ್ಟು ನಿಧಾನವಾಗಿ ಕಾಯಿಸಿ.

ತವರ ಲೇಪನದ ಹೊಸ ಡಬ್ಬಿ ಕೊಂಡರೆ ಒಳಗೂ ಹೊರಗೂ ತೆಳ್ಳಗೆ ಎಣ್ಣೆ ಸವರಿ, 200 ಡಿಗ್ರಿಯಲ್ಲಿ ಒಂದು ಗಂಟೆ ಖಾಲಿ ಕಾಯಿಸಿ. ಅದಕ್ಕಿಂತ ಹೆಚ್ಚು ಬೇಡ. ತವರ 232 ಡಿಗ್ರಿಗೆ ಕರಗುತ್ತದೆ. ಮೊದಲ ಎರಡು ಮೂರು ಬಾರಿ ಬ್ರೆಡ್ ಅಂಟಬಹುದು, ಕೈಬಿಡಬೇಡಿ. ಸೋಪು ಹಾಕಿ ಉಜ್ಜದೆ ಬಟ್ಟೆಯಿಂದ ಒರೆಸಿ, ಆರುತ್ತಿರುವ ಓವನಿನಲ್ಲೇ ಇಟ್ಟು ಒಣಗಿಸಿದರೆ ವರ್ಷದೊಳಗೆ ಡಬ್ಬಿ ನೀಲಿಗಪ್ಪಾಗುತ್ತದೆ. ಆಮೇಲೆ ಬ್ರೆಡ್ ತಾನಾಗಿ ಜಾರಿ ಹೊರಬೀಳುತ್ತದೆ.